ಮಡಚದ್ದು

ವಾರವಿಡೀ ನನ್ನ ಕೆಲಸ ಚಾಕು ಕಿತ್ತುಕೊಳ್ಳುವುದು.
ಹಮ್ರಿಯಾ ಯಾರ್ಡಿನ ಎರಡನೇ ಗೇಟಿನಲ್ಲಿ
ಜೇಬು ತಡವಿ, ಊಟದ ಡಬ್ಬಿ ತೆರೆಸಿ,
ಅಲಗು ತಾನಾಗಿ ಒಳಸರಿಯುವ ಹಳದಿ ಕಟ್ಟರ್ ಬಿಟ್ಟು
ಬೇರೇನು ಸಿಕ್ಕರೂ ರಸೀದಿ ಹರಿದು ಕೊಟ್ಟು
ತಗಡಿನ ಪೆಟ್ಟಿಗೆಗೆ ಹಾಕುವುದು.
ಸುರಕ್ಷತಾ ಅಧಿಕಾರಿ. ಹನ್ನೊಂದು ವರ್ಷ.

ಅಂಥ ನಾನು ಸಂಬಳದ ಮರುದಿನ
ಇನ್ನೂರ ಅರವತ್ತು ದಿರ್ಹಮ್ ಎಣಿಸಿ
ಒಂದು ಚಾಕು ಕೊಂಡೆ. ಮಡಚದ್ದು.
ಕೀಲಿಲ್ಲ, ಸ್ಪ್ರಿಂಗಿಲ್ಲ, ಅಡಗಲು ಗೂಡಿಲ್ಲ,
ಮೊನೆಯಿಂದ ಹಿಡಿಯ ಬುಡದವರೆಗೆ ಒಂದೇ ಉಕ್ಕು,
ಎರಡು ಬದಿಗೆ ಆಲಿವ್ ಮರದ ಹೋಳು, ಮೂರು ಹಿತ್ತಾಳೆ ಮೊಳೆ.
ನಮ್ಮ ಕೋಣೆಯಲ್ಲಿ ಮಂಚ ಮಡಚುತ್ತೇವೆ, ಮೇಜು ಮಡಚುತ್ತೇವೆ,
ಚಾಪೆ, ಇಸ್ತ್ರಿ ಹಲಗೆ, ಬೆನ್ನು.
ಇದೊಂದು ಒಪ್ಪಲಿಲ್ಲ.
ಷೂ ಡಬ್ಬದಲ್ಲಿ ಓರೆಯಾಗಿ ಮಲಗಿತು.

ಕಾಡಿಗೆಂದು ಮಾಡಿದ ಚಾಕು. ಕಾಡೆಲ್ಲಿ?
ಶೌಕಾ ಕಣಿವೆಯಲ್ಲಿ ಕಲ್ಲು, ಕಲ್ಲಿನ ಹಿಂದೆ ಕಲ್ಲು,
ನಡುವೆ ಒಂದು ಸಮುರ್ ಮರ,
ನೆರಳನ್ನೂ ಚಿಲ್ಲರೆಯಾಗಿ ಎಣಿಸಿ ಕೊಡುವಂಥದ್ದು.
ಹಸಿ ಟೊಂಗೆ ಮುಟ್ಟಿದರೆ ದಂಡ.
ದಂಡವಿಲ್ಲದಿದ್ದರೂ ಮುಟ್ಟಲು ಕೈ ಬಾರದು
ಅಷ್ಟು ಕಷ್ಟಪಟ್ಟು ನಿಂತದ್ದನ್ನು.
ಸೌದೆ ತಂದದ್ದು ದೈದ್ ರಸ್ತೆಬದಿಯಿಂದ,
ಹೊರೆಗೆ ಹದಿನೈದು.

ಮೊದಲು ಎಡ ಮುಂಗೈಯ ಕೂದಲು. ಹೋಯಿತು.
ಆಮೇಲೆ ಜೇಬಲ್ಲಿದ್ದ ರಸೀದಿ ಪುಸ್ತಕದ ಹಾಳೆ:
ಗಾಳಿಯಲ್ಲಿ ಹಿಡಿದು ಎಳೆದರೆ
ವಸ್ತು ಒಂದು ಕಡೆ, ವಾರಸುದಾರನ ಸಹಿ ಒಂದು ಕಡೆ,
ಸದ್ದೇ ಇಲ್ಲ.
ಆಮೇಲೆ ಹಣ್ಣಿನ ಪೆಟ್ಟಿಗೆಯ ಹಲಗೆ ಹೆರೆದೆ, ಕಿಡಿ ಹಿಡಿಯಲು
ತೆಳು ತೆಳು ಸುರುಳಿ ಬೇಕು, ಬೀಳದೆ ಕಡ್ಡಿಗೇ ಅಂಟಿರಬೇಕು.
ಎಲ್ಲ ಬಿದ್ದವು.
ಅಮ್ಮನ ಈಳಿಗೆ ಮಣೆಯಲ್ಲಿ ಅಲಗು ಕದಲುತ್ತಿರಲಿಲ್ಲ,
ಬಂಗುಡೆಯೇ ಬಂದು ತಾಗಬೇಕಿತ್ತು.
ಚಾಕುವನ್ನು ಮಂಡಿಗೆ ಒತ್ತಿ ನಿಲ್ಲಿಸಿ
ಕಡ್ಡಿಯನ್ನೇ ಹಿಂದಕ್ಕೆಳೆದೆ.
ಸುರುಳಿಗಳು ನಿಂತವು, ಈಗಷ್ಟೇ ಹುಟ್ಟಿದ ಕುರಿಮರಿಯ ಉಣ್ಣೆ.

'ಕ್ಷೌರ ಮುಗಿಯಿತಲ್ಲ, ಈಗ ಸೌದೆ ಸೀಳು'
ಅಂದ ಜರ್‌ವಲಿ, ನಮ್ಮ ಕ್ರೇನು ಓಡಿಸುವವನು.
ಸಮುರ್ ಕೊರಡಿನ ತಲೆಗೆ ಅಲಗಿಟ್ಟು ಬೆನ್ನಿಗೆ ಬಡಿದೆ.
ಎರಡು ಬೆರಳು ಇಳಿಯಿತು. ನಿಂತಿತು.
ಮುಂದಕ್ಕಿಲ್ಲ, ಹಿಂದಕ್ಕಿಲ್ಲ,
ವೀಸಾ ಮುಗಿದವನ ಹಾಗೆ.
ಅವನು ಎದ್ದು ಬಂದು ಬಿರುಕಿಗೊಂದು ಚಪ್ಪಟೆ ಕಲ್ಲು ತುರುಕಿ
ಮತ್ತೊಂದು ಕಲ್ಲಿನಿಂದ ಎರಡೇ ಏಟು.
ಕೊರಡು ಬಾಯಿಬಿಟ್ಟಿತು, ಒಳಗೆಲ್ಲ ಕೆಂಪು.
ಇನ್ನೂರ ಅರವತ್ತು ದಿರ್ಹಮ್ ಠಣ್ ಎಂದು ಕಲ್ಲಿಗೆ ಬಿತ್ತು,
ಮೊನೆಯ ಹತ್ತಿರ ಎಳ್ಳಿನಷ್ಟು ಮುಕ್ಕು.
ಅವಸರಕ್ಕೆ ಎತ್ತಲು ಹೋಗಿ ಹೆಬ್ಬೆರಳು ಕೊಯ್ದುಕೊಂಡೆ.

ಇದಕ್ಕೊಂದು ನಮೂನೆ ಇದೆ, ನಾನೇ ಬರೆದದ್ದು:
ಸ್ಥಳ, ಗಂಟೆ, ಕಾರಣ, ಕೈಗವಸು ಧರಿಸಿದ್ದನೇ?
ಕಣಿವೆಯಲ್ಲಿ ಯಾರೂ ಕೇಳಲಿಲ್ಲ.
ಈರುಳ್ಳಿ ಮಾತ್ರ ಚೆನ್ನಾಗಿ ಹೆಚ್ಚಿತು, ಒಪ್ಪಬೇಕು.
ಬಾಣಲೆ ಕೆದಕುತ್ತ ಜರ್‌ವಲಿ ಹೇಳಿದ:
'ಸ್ವಾತ್‌ನಲ್ಲಿ ನಮಗೆ ಕಾಡಿತ್ತು, ದೇವದಾರು,
ಇಂಥ ಚಾಕು ಯಾರ ಬಳಿಯೂ ಇರಲಿಲ್ಲ.
ಎಲ್ಲರ ಬಳಿ ಕೊಡಲಿ.'
ಸ್ವಲ್ಪ ಹೊತ್ತು ಬಿಟ್ಟು: 'ಈಗ ಕೊಡಲಿ ಇದೆ.'

ಸೋಮವಾರ ಗೇಟಿನಲ್ಲಿ ಹೊಸ ಹುಡುಗ, ಸೇರಿ ಒಂಬತ್ತು ದಿನ.
ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಹ್ಯಾಕ್ಸಾ ಬ್ಲೇಡಿನ ತುಂಡು,
ನೆಲಕ್ಕೆ ಉಜ್ಜಿ ಉಜ್ಜಿ ಮಾಡಿದ ಅಲಗು,
ಲುಂಗಿಯ ಅಂಚು ಸುತ್ತಿದ ಹಿಡಿ.
'ಈರುಳ್ಳಿಗೆ, ಸಾಬ್.'
ಎಡಗೈಯಲ್ಲಿ ಕೂದಲು ಉಳಿದಿರಲಿಲ್ಲ,
ಬಲಗೈ ಮೇಲೆ ಎಳೆದು ನೋಡಿದೆ.
ನನ್ನದಕ್ಕಿಂತ ನುಣ್ಣಗೆ.

ರಸೀದಿ ಬರೆದೆ. ಚಾಕು, ಒಂದು, ಮಡಚದ್ದು.
ಷರಾ ಎಂಬಲ್ಲಿ 'ಅಪಾಯಕಾರಿ' ಎಂದು ಬರೆಯುವುದು ರೂಢಿ.
'ಸಾಣೆ ಚೆನ್ನಾಗಿದೆ' ಎಂದು ಬರೆದೆ.
ಅವನು ಓದಲಿಲ್ಲ, ಮಡಚಿ ಜೇಬಿಗಿಟ್ಟು
ನನ್ನ ಹೆಬ್ಬೆರಳ ಪಟ್ಟಿ ನೋಡಿದ:
'ನಿಮಗೇನಾಯಿತು, ಸಾಬ್?'