ಮೂರನೇ ತಿರುವಿನ ರೀಡಿಂಗ್

ತಿಂಗಳ ಮೂರನೇ ತಾರೀಖ ನನ್ನ ಪಾಳಿ ಸ್ಟೇಡಿಯಮ್ಮಿಂದು.
ಗೇಟಿನ ಬಾಜೂ ತುಕ್ಕು ಹಿಡದ ಡಬ್ಬಿ,
ಬಾಗಲಾ ತಗದ್ರ ಒಂದು ಹಲ್ಲಿ, ಅದರ ಹಿಂದ ಮೀಟರು.
ಹಲ್ಲಿಗೆ ನನ್ನ ಗುರುತೈತಿ. ಸರದು ಜಾಗಾ ಬಿಡತೈತಿ.
ಅಂಕಿ ನೋಡತೀನಿ, ಮಷೀನಿಗೆ ಹೊಡಿತೀನಿ,
ಬಿಲ್ಲು ನಾಲಗಿ ಚಾಚಿದಂಗ ಹೊರಗ ಬರತೈತಿ.

ಇಪ್ಪತ್ತೆರಡು ವರ್ಷ ವಿಜಯಪುರದಾಗ ಇದ ಕೆಲಸ.
ಯಾರ ಮನಿಗೆ ಹೊಸಾ ಫ್ರಿಜ್ ಬಂತು,
ಯಾರ ಗಿರಣಿ ನಿಂತೈತಿ,
ಕೇಳೂದ ಬ್ಯಾಡ.

ಅವತ್ತ ಡಿಸೆಂಬರಿನ ಮುಂಜಾನಿ. ತೊರವಿ ಕಡಿಂದ ಗಾಳಿ.
ಟ್ರ್ಯಾಕಿನ ಮ್ಯಾಲ ಐದು ಮಂದಿ ಹುಡಿಗ್ಯಾರು.
ಇನಾಮದಾರ ಸರ್ ಕೂಗಿ ಕರದ್ರು: "ಬರ್ರಿ ಮೀಟರಣ್ಣಾ,
ನಿಮ್ಮ ಬಳಗದವರು ಬಂದಾರ."
ನೀಲಾಂಬಿಕಾನ ಸೈಕಲ್ಲಿನ ಎರಡೂ ಪೆಡಲ್ ದಂಡಕ್ಕ
ಅಂಟಿಸಿದ್ರು ಬೆಂಕಿಪೆಟ್ಟಿಗಿಯಷ್ಟು ಕರೇ ತುಣುಕು.
ಕಾಲು ಒತ್ತಿದ್ರ ಕಬ್ಬಣ ಕೂದಲೆಳಿಗಿಂತಾ ಕಡಿಮಿ ಬಾಗತೈತಂತ,
ಆ ಬಾಗಿದ್ದನ್ನ ಇದು ಎಣಸತೈತಂತ.
ಹ್ಯಾಂಡಲ್ಲಿನ ಮ್ಯಾಲ ಅಂಕಿ:
ನೂರಾ ತೊಂಬತ್ತಾರು. ಇನ್ನೂರಾ ನಾಕು.

ವ್ಯಾಟು ಅಂದ್ರ ನನಗ ಬಲ್ಬು.
ಹುಡಿಗೀಗೂ ವ್ಯಾಟು ಇರತಾವಂತ ಅವತ್ತ ತಿಳೀತು.

ಲೆಕ್ಕಾ ಹಾಕಿದೆ. ಚಟ.
ಇನ್ನೂರು ವ್ಯಾಟು, ಒಂದು ತಾಸು, ಯುನಿಟ್ಟಿನ ಐದನೇ ಪಾಲು.
ಐದೂ ಮಂದಿ ಒಂದು ತಾಸು ಎದಿ ಒಡಕೊಂಡು ತುಳದ್ರ
ಒಂದು ಯುನಿಟ್ಟು.
ಏಳು ರೂಪಾಯಿ ದರ ಹಿಡದ್ರ
ತಲಿಗೆ ಒಂದು ರೂಪಾಯಿ ನಲವತ್ತು ಪೈಸೆ.
ಕೂಡಗಿಯ ಚಿಮಣಿಗೆ ಇದು ಒಂದು ಸೀನೂ ಅಲ್ಲ.
ಬಾಯಿ ಬಿಡಲಿಲ್ಲ. ಚಾ ಜೋಡಿ ನುಂಗಿದೆ.

ಸರ್ ಅಂದ್ರು, ಉಂಡ ರೊಟ್ಟಿಯೊಳಗ
ಪೆಡಲಿಗೆ ಮುಟ್ಟೂದು ಕಾಲ್ಭಾಗ,
ಉಳದದ್ದೆಲ್ಲಾ ಬಿಸಿಯಾಗಿ ಹೋಗತೈತಿ.
"ನಮ್ಮ ಕಡೆ ಇದಕ್ಕ ಲೈನ್ ಲಾಸ್ ಅಂತಾರ್ರಿ" ಅಂದೆ.
ಅಷ್ಟೊತ್ತಿಗೆ ಅಕಿ ಬಂದು ಇಳದ್ಲು.
ಥಂಡಿಯೊಳಗ ಬೆನ್ನ ಮ್ಯಾಲಿಂದ ಹಬಿ ಏಳತಿತ್ತು.
ಲಾಸು ಕಣ್ಣಿಗೆ ಕಂಡದ್ದು ನನ್ನ ನೌಕರ್ಯಾಗ ಅದ ಮೊದಲ.

ಜನವರಿ ಪೂರ್ತಿ ಆ ತುಣುಕು ಚಾಡಿ ಹೇಳಿತು.
ಎಡಗಾಲು ನಲವತ್ನಾಕು, ಬಲಗಾಲು ಐವತ್ತಾರು.
ಕಾಲಿಗೆ ಬೈದ್ರು, ಎಣ್ಣಿ ತಿಕ್ಕಿದ್ರು, ಆಮ್ಯಾಲ ಯಾರೋ ಪೆಡಲ್ ಬಿಚ್ಚಿದ್ರು:
ಎಡಗಡೆ ಅಚ್ಚು ಸೊಟ್ಟ.
ಸೀಟು ಎರಡು ಬೆರಳು ತಗ್ಗು.
ಹಿಂದಿನ ಹುಡಿಗಿ ಗಿಡ್ಡಿ, ಸೈಕಲ್ ಅಕಿ ಬಿಟ್ಟು ಹೋದದ್ದು,
ಆ ಬೋಲ್ಟಿಗೆ ಯಾರೂ ಪಾನಾ ಹಚ್ಚಿರಲಿಲ್ಲ.
ಹದಿನಾಕು ವ್ಯಾಟು ಬರೇ ಪಾನಾದಿಂದ ಸಿಕ್ಕವು.

ಇನ್ನೊಂದು ಚಾಡಿ ಉಳೀತು.
ಪ್ರತಿ ಸುತ್ತು, ಮೂರನೇ ತಿರುವಿನಾಗ,
ಹನ್ನೊಂದು ವ್ಯಾಟು ಬೀಳತಿದ್ದವು.
ಹೋಗಿ ನೋಡಿದ್ರ ಸಿಮೆಂಟಿನಾಗ ಅಂಗೈಯಷ್ಟು ಕುಣಿ.
ಹಿಂದಿನ ವರ್ಷ ಅಲ್ಲೇ ಬಿದ್ದಿದ್ಲಂತ,
ಮೊಣಕೈ ಸುಲಿದಿತ್ತಂತ, ಅಚ್ಚು ಸೊಟ್ಟಾದದ್ದೂ ಆವಾಗಂತ.
ಅಂಜಿಕಿ ಐತೇನಂತ ಕೇಳಿದ್ರ "ಇಲ್ರೀ ಸರ್".
ಬಾಯಿ ಇಲ್ಲಂತಿತ್ತು, ಕಾಲು ಹೌದಂತಿತ್ತು,
ನಡುವ ಒಂದು ಬ್ಯಾಟರಿ.

ಕುಣಿ ಮುಚ್ಚಿದ್ರು. ಉಜ್ಜಿ ನುಣ್ಣಗ ಮಾಡಿದ್ರು.
ಕಂಬದ ಹಳದೀ ದೀಪ ಇಳಿಸಿ ಬೆಳ್ಳನ ಎಲ್‌ಇಡಿ ಏರಿಸಿದ್ರು,
ತಿರುವು ಈಗ ತಾಟಿನಂಗ ಕಾಣತೈತಿ.
ಮಾರ್ಚಿನ ಬಿಲ್ಲು ಅರ್ಧಕ್ಕಿಳೀತು,
ಮೀಟರು ಕೆಟ್ಟಿರಬೇಕಂತ ಡಬ್ಬಿಗೆ ಎರಡು ಸಲ ಬಡದೆ,
ಹಲ್ಲಿ ಓಡಿ ಹೋತು.

ಅಕಿ ಮಾತ್ರ ಅಲ್ಲಿ ಇನ್ನೂ ನಾಕು ವ್ಯಾಟು ಬಿಡತಾಳ.
ನುಣ್ಣನ ಸಿಮೆಂಟಿನ ಮ್ಯಾಲ. ನೆಟ್ಟಗಿನ ಅಚ್ಚಿನ ಮ್ಯಾಲ.
ಸರ್ ನೋಟಬುಕ್ಕಿನಾಗ ಆ ಸಾಲಿಗೆ ಕಾರಣ ಬರದಿಲ್ಲ.

ಮುಂಜಾನೆದ್ದು ತುಳಿಯೂಕಿಂತ ಮೊದಲ
ಆ ತುಣುಕಿಗೆ ಸೊನ್ನಿ ತೋರಸಬೇಕು.
ಪೆಡಲ್ ಮ್ಯಾಲ ಕಾಲಿಡದ, ಸೈಕಲ್ ಅಳ್ಳಾಡದಂಗ ಹಿಡಕೊಂಡು,
ಭಾರ ಇಲ್ಲದ್ದು ಅಂದ್ರ ಇಷ್ಟು, ಅಂತ ತಿಳಿಸಿ ಹೇಳಬೇಕು.
ಏಪ್ರಿಲ್ ಮೂರಕ್ಕ ನಾ ಹೋದಾಗ
ಅಕಿ ಹಂಗ ನಿಂತಿದ್ಲು, ಉಸರು ಸೈತ ಬಿಗಿ ಹಿಡದು.
ಆಮ್ಯಾಲ ಗಾಯದ ಪಟ್ಟಿ ಒಂದು ಸುಲದು
ಅಂಕಿಯ ಮಾರಿಗೆ ಮೆತ್ತಿದ್ಲು.
"ನಿಮ್ಮ ಮೀಟರ್ ನೀವು ನೋಡ್ರಿ ಕಾಕಾ" ಅಂದು ಹೊಂಟ್ಲು.

ಡಬ್ಬಿ ಬಾಗಲಾ ಹಿಡಕೊಂಡು ನಿಂತೆ.
ಒಂದು. ಎರಡು.
ಮೂರನೇ ತಿರುವಿಗೆ ಅಕಿ ಮೈ ಓರಿ ಮಾಡಿದಾಗ
ಕಣ್ಣು ಮುಚ್ಚಿದವ ನಾನು.