ಬಾಗಿಲು ತಗಿ

ಮದ್ದೂರಿನ ಪೇಟೆಬೀದಿಯಲ್ಲಿ ನನ್ನ ಸ್ಟುಡಿಯೋ.
ನೀಲಿ ಪರದೆ, ಒಂದು ಸ್ಟೂಲು, ಹಲ್ಲುದುರಿದ ಬಾಚಣಿಗೆ.
ಗದ್ದ ಸ್ವಲ್ಪ ಕೆಳಗೆ, ರೆಪ್ಪೆ ಬಡಿಯಬೇಡಿ,
ಎಂಟು ಕಾಪಿಗೆ ಅರವತ್ತು ರೂಪಾಯಿ.
ಇಪ್ಪತ್ತೆರಡು ವರ್ಷದಿಂದ ಇಷ್ಟೇ ನನ್ನ ಮಾತು.
ಲಗ್ನದ ತಿಂಗಳಲ್ಲಿ ಇನ್ನೂ ಒಂದು: ನಗಿ.

ಅವತ್ತು ಮಂಡ್ಯದಿಂದ ಲಾಯರ್ ಜಬೀನಾ ಬಂದರು.
ಕ್ಯಾಮೆರಾ ಚೀಲದಲ್ಲಿರಲಿ, ಫ್ಲ್ಯಾಶು ಬೇಡ,
ಬೆಲ್ಲ ಕೊಳ್ಳುವವರ ಹಾಗೆ ಹೋಗೋಣ ಅಂದರು.

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿತ್ತು.
ಮುಚ್ಚಿಡುವುದೇಕೆ, ಆ ವಾಸನೆಗೆ
ಮೊದಲು ನನ್ನ ಬಾಯಲ್ಲಿ ನೀರೂರಿತು.
ಕೈಗಳು ಕಂಡದ್ದು ಆಮೇಲೆ.

ಹಡಗಲಿ ಕಡೆಯ ತಾಂಡಾದವರು,
ಹನ್ನೊಂದು ಜನ, ಕಾಲಿಗೆ ಸಿಕ್ಕುವಂತೆ ಮೂರು ಮಕ್ಕಳು.
ಇದು ಮೂರನೆಯ ಸುಗ್ಗಿ. ಮುಂಗಡ ತೀರಿಲ್ಲ.
ಧಣಿಯ ಪುಸ್ತಕದಲ್ಲಿ ಅದು
ರಾತ್ರಿ ಹೊತ್ತು ಮರಿ ಹಾಕುತ್ತದೆ.

ಪುಸ್ತಕ ತೆಗೆದೆ. ಸಾಲಾಗಿ ಹೆಬ್ಬೆಟ್ಟು,
ಒಂದು ಗುರುತು ತೀರಾ ಚಿಕ್ಕದು, ಮಗುವಿನದೇ ಇರಬೇಕು.
ಪಾಕ ಸಿಡಿದು ಬೆಂದ ಮೊಣಕೈ ತೆಗೆದೆ.
ಸೋಮ್ಲಿಬಾಯಿಯ ಕಡೆ ತಿರುಗಿದಾಗ ಅವಳು
ಸೆರಗಿನಲ್ಲಿ ಮುಖ ಮುಚ್ಚಿದಳು.

'ನನ್ ಮಾರಿ ಕಂಡು ಯಾರಿಗೇನಾಗಬೇಕೈತಿ?
ಬಾಗಿಲು ತಗಿ.'

ನೋಡಿದೆ. ಅವರು ಮಲಗುವ ಶೀಟಿನ ಶೆಡ್ಡು.
ಚಿಲಕ ಹೊರಗಿತ್ತು.

ನಾನು ಮದುವೆಮನೆಯ ಫೋಟೋಗ್ರಾಫರು.
ಬಾಗಿಲು ಅಂದರೆ ತೋರಣ, ಹೊಸಲಿನ ಮೇಲೆ ಸೇರಕ್ಕಿ,
ಬಲಗಾಲಿಡುವ ಕಾಲುಂಗುರ.
ಚಿಲಕ ಯಾವ ಕಡೆಗಿದೆಯೆಂದು
ಯಾವತ್ತೂ ನೋಡಿದವನಲ್ಲ.

ತಗಿ ಅಂದಳಲ್ಲ, ಏನನ್ನು?
ನನ್ನ ಕೈಗೆ ಬರುವುದು ಒಂದೇ ತೆಗೆಯುವುದು.
ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ,
ಎರಡು ಅಚ್ಚು ಬೆಲ್ಲವನ್ನೂ ಕೊಂಡೆ, ಅನುಮಾನ ಬಾರದಿರಲೆಂದು.
ಅದು ಇನ್ನೂ ಡಬ್ಬಿಯಲ್ಲಿದೆ, ಕರಗಿ ಅಂಟಾಗಿ.

ಸಾಹೇಬರು ಚಿತ್ರವನ್ನು ದೂರ ಹಿಡಿದು ನೋಡಿದರು.
'ಬಾಗಿಲು, ಚಿಲಕ. ಇದರಲ್ಲೇನಮ್ಮ ಇದೆ?
ನಮ್ಮನೇಲೂ ಇದೆ.'
ಜಬೀನಾ ಅಂದರು, 'ಒಳಗಡೆಯಿಂದ ತೆಗೀರಿ ಸಾರ್, ನೋಡೋಣ.'
ಫ್ಯಾನಿನ ಸದ್ದು. ಟೀ ತಂದ ಹುಡುಗ
ಲೋಟ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ.

ಹತ್ತೊಂಬತ್ತನೆಯ ದಿನ ಜೀಪು ಹೋಯಿತು.

ಬಿಡುಗಡೆ ಪತ್ರಕ್ಕೆ ಫೋಟೋ ಬೇಕಲ್ಲ,
ಎಲ್ಲರೂ ನನ್ನ ಸ್ಟೂಲಿನ ಮೇಲೆ ಸರದಿಯಲ್ಲಿ ಕೂತರು.
ಸೋಮ್ಲಿಬಾಯಿ ತಲೆ ಬಾಚಲು ತೆಗೆದುಕೊಂಡ ಹೊತ್ತಿನಲ್ಲಿ
ಒಬ್ಬ ವರನನ್ನು ತಯಾರು ಮಾಡಬಹುದಿತ್ತು.
'ಹ್ಞಾಂ, ಈಗ ತಗಿ.'
ಗದ್ದ ಸ್ವಲ್ಪ ಕೆಳಗೆ ಅನ್ನಲು ಬಾಯಿ ತೆರೆದವನು
ಸುಮ್ಮನೆ ಒತ್ತಿದೆ.
ಎಂಟರಲ್ಲಿ ಒಂದು ಪತ್ರಕ್ಕೆ ಹೋಯಿತು,
ಏಳನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡಳು.

ಮೈಸೂರಿನಲ್ಲಿ ಆ ಬಾಗಿಲನ್ನು ಆರಡಿಗೆ ಹಿಗ್ಗಿಸಿ ತೂಗುಹಾಕಿದರು.
ಕೆಳಗೆ ನನ್ನ ಹೆಸರು. ಹೆಂಡತಿ ರೇಷ್ಮೆಸೀರೆ ಉಟ್ಟಿದ್ದಳು.
ಬಂದವರು ಅಂದರು: ಏನು ಬೆಳಕ್ರೀ, ಯಾವ ಲೆನ್ಸು?
ಬೋಗಾದಿಯ ಒಬ್ಬರಿಗೆ
ಹೊಸ ಮನೆಯ ಹಾಲಿಗೆ ಇಂಥದ್ದೇ ಬೇಕಿತ್ತು.
'ಸೈಜು ಯಾವುದು ಸಾರ್' ನಾಲಗೆಯ ತುದಿಗೆ ಬಂತು,
ಅಂಗಡಿಯವನ ನಾಲಗೆ ತಾನೆ, ಕಚ್ಚಿಕೊಂಡೆ.
ಒಬ್ಬಳು ಮಾತ್ರ, ಗೋಣಿಚೀಲದಲ್ಲಿ ಪೊರಕೆ ಹೊತ್ತವಳು,
ಚಿತ್ರದ ಮುಂದೆ ನಿಂತು
ಮೆಲ್ಲಗೆ ಕೇಳಿದಳು: ಒಳಗೆ ಯಾರವ್ರೆ?

ಈಗ ಚಪ್ಪರದ ಮನೆಯಲ್ಲೂ ನನ್ನ ಕಣ್ಣು ತೋರಣ ಬಿಟ್ಟು ಜಾರುತ್ತದೆ.
ಬೀಗರು ಬೈಯುತ್ತಾರೆ, ಆಲ್ಬಮ್ಮಿನ ತುಂಬ ಬಾಗಿಲೇ ಐತಲ್ಲಯ್ಯಾ ಎಂದು.
ಮೊನ್ನೆ ಮಳವಳ್ಳಿ ರಸ್ತೆಯಲ್ಲಿ, ಇಟ್ಟಿಗೆ ಗೂಡಿನ ಹಿಂದೆ,
ಸಾಲಾಗಿ ನಾಲ್ಕು ಶೆಡ್ಡು. ಸಂಜೆಯ ಹೊತ್ತು.
ಯಾರೋ ಒಬ್ಬ ಒಂದೊಂದಾಗಿ ಹಾಕುತ್ತ ಬರುತ್ತಿದ್ದ.

ಸ್ಕೂಟರಿನಿಂದ ಇಳಿಯದೆ ಒಂದು ತೆಗೆದಿದ್ದೇನೆ, ಅಲುಗಿದೆ.
ಜಬೀನಾ ಅವರ ಫೋನು
ರಿಂಗಾಗುತ್ತಿದೆ.