ಮೂರೂಕಾಲು

ರಾಯಚೂರಿನ ಹತ್ತಿ ಮಾರ್ಕೆಟ್ಟಿನ ಕಾಟಾದಿಂದ
ಡಬ್ಬಿ ಹೊತ್ತು ಬಂದ ಮೌಲಾಲಿ,
ತೀನ್ ಕಂದೀಲಿನ ಹತ್ರ, ಮೆಟ್ಟಿಲ ಕೆಳಗಿನ ನನ್ನ ಅಂಗಡಿಗೆ:
"ಅಕ್ಕಾ, ನಾಲ್ಕರ ರೊಕ್ಕ ತಗೊಂಡಿ.
ಮೂರೂಕಾಲೇ ಅಂತದ ಇದು. ಮುಕ್ಕಾಲು ಯಾರ ಹೊಟ್ಟಿಗೆ?"

ಸ್ಕ್ರೂ ಬಿಚ್ಚಿದೆ. ಊದಿದೆ.
ಫ್ಯಾನಿನ ರೆಕ್ಕಿಗೆ ಸುತ್ತಿದ ಹತ್ತಿ, ಬಿಳಿ ಗಡ್ಡ.
ಎರಡೆರಡು ಜಿಬಿಯ ಪಟ್ಟಿ, ಎರಡೂ
ಹಲ್ಲು ಕಚ್ಚಿ ಕೂತಾವ ತಮ್ಮ ತಮ್ಮ ಸಂದಿನಾಗ.

ಶುರುವಿಗೆ, ಕರಿ ಪರದಿ ಮ್ಯಾಲೆ,
ಬೋರ್ಡಿನ ಚಿಪ್ಪು ಸರಿಯಾಗೇ ಎಣಿಸ್ತದ: ನಾಲ್ಕು.
ಆಮ್ಯಾಲೆ ಹೊಸ ವಿಂಡೋಸ್ ಎದ್ದು ಬಂದು
ಅರವತ್ನಾಕು ಬಿಟ್ಟಿನ ದೊಡ್ಡ ಖಾತೆಪುಸ್ತಕ ಬಿಚ್ಚಿ
ಮೂರೂಕಾಲಕ್ಕೇ ಗೆರಿ ಎಳೀತದ.
ಇಬ್ಬರೂ ಸುಳ್ಳು ಹೇಳವರಲ್ಲ.

ಹ್ಯಾಂಗ ತಿಳಿಸಿ ಹೇಳಲಿ?
ಈ ಬೋರ್ಡು ಮಾಡಿದವರು ಓಣಿಗೆ ನಂಬರ್ ಬರಿಯುವಾಗ
ಮೂವತ್ತೆರಡು ಅಂಕಿ ದಾಟಿ ಯಾರಿರ್ತಾರ ಅಂದುಕೊಂಡ್ರು.
ಕಡೀ ಓಣಿ ಚಿತ್ರದ ಕಾರ್ಡಿಗೆ, ಸಪ್ಪಳದ ಚಿಪ್ಪಿಗೆ
ಮೀಸಲಿಟ್ಟು ಫಲಕ ಹೊಡೆದ್ರು.
ಅಲ್ಲೇ ಇದ್ದ ಮನಿಗಳಿಗೆ
ಗ್ವಾಡಿ ಅದ, ಬಾಗಿಲ ಅದ, ವಿಳಾಸ ಇಲ್ಲ.
ಅವನ್ನ ಎತ್ತಿ ನಾಲ್ಕರಾಚೆ ಹೊಸ ನಂಬರ್ ಕೊಡೋದು
ಕೆಲವು ಬೋರ್ಡಿಗೆ ಗೊತ್ತದ.
ಇದರ ಸೆಟಪ್ಪಿನಾಗ ಹುಡುಕಿದೆ, ಮ್ಯಾಲಿಂದ ಕೆಳಗ ಎರಡು ಸಲ.
ಆ ಸಾಲೇ ಇಲ್ಲ.

ಸ್ಟೂಲಿನ ಮ್ಯಾಲೆ ಚಾ ಆರಿಸ್ಕೊಂತ ಕೂತ ತಾಯಪ್ಪ ಮಾಮಾ,
ಮೂವತ್ತು ವರ್ಷ ಟಪಾಲು ಹಂಚಿದವ, ನಕ್ಕ:
"ಅಂದ್ರೂನ್ ಕಿಲ್ಲಾದಾಗ ನಗರಸಭೆಯವ್ರು
ಡಾಂಬರಿನಾಗ ನಂಬರ್ ಬರದ್ರು ನೋಡು,
ಕ್ವಾಟಿ ಗ್ವಾಡಿಗೆ ಬೆನ್ನು ಹಚ್ಚಿದ ಏಳು ಮನಿ ಬಿಟ್ರು.
ಕಾಗದ ಬರ್ತಿದ್ವು: 'ಬುಡನ್‌ಬೀ, ನಲ್ಲಿ ಸೋರೂ ಕಡೆ.'
ನಾನು ಕೊಟ್ಟು ಬರ್ತಿದ್ದೆ.
ನನ್ನ ಬದಲಿಗೆ ಬಂದ ಹುಡುಗ ಎಲ್ಲಾ ವಾಪಸ್ ಕಳಿಸಿದ.
ಅವನದೇನು ತಪ್ಪು? ಅವನ ಪಟ್ಟಿನಾಗ ಏಳು ಮನಿ ಇರಲೇ ಇಲ್ಲ."

ಮೌಲಾಲಿ ಮಾತಾಡಲಿಲ್ಲ.
ಹತ್ತಿ ಎಳಿ ಉಂಡಿ ಮಾಡ್ಕೊಂತ ಕೂತ.
"ದಿನಾ ನಾನೂ ಕಳೀತೀನಿ," ಅಂದ ಕಡಿಗೆ,
"ತೇವ ಅಂತ, ಕಸ ಅಂತ. ಚೀಟಿ ಹಿಡಕೊಂಡವರು
ಕಾಟಾದ ಕೆಳಗ ಬಗ್ಗಿ ನೋಡ್ತಾರ,
ಅಲ್ಲೇ ಬಿದ್ದದೇನೋ ಅನ್ನಂಗ."

ಒಂದು ಪಟ್ಟಿ ತೆಗೆದು ಚಿಕ್ಕದು ಹಾಕ್ಲಾ, ರೊಕ್ಕ ಉಳೀತದ, ಅಂದೆ.
"ಬ್ಯಾಡ. ಇರಲಿ ಒಳಗ."

ಮುಚ್ಚಳ ಹಾಕಿದೆ.
ನಾಲ್ಕು ಸ್ಕ್ರೂದಾಗ
ಮೂರೇ ಸಿಕ್ಕವು.